ಒತ್ತಿದಾಗ ಕಾಣುವ ಗುಣ ಯಾರದು?

ಬಗ್ಗಿಸಿದ ಬಿಲ್ಲು, ಎಳೆದು ಬಿಟ್ಟ ಕೊಂಬೆ ಮೊದಲಿನ ನಿಲುವಿಗೆ ಮರಳುವುದೇಕೆ? ಸ್ಥಿತಿಸ್ಥಾಪಕವೆಂಬ ಸಂಸ್ಕಾರದಿಂದ ಎನ್ನುತ್ತಾನೆ ವೈಶೇಷಿಕ ದರ್ಶನದ ಪ್ರಶಸ್ತಪಾದ. ಅವನು ಹೇಳುವ 24 ಗುಣಗಳಲ್ಲಿ ಸಂಸ್ಕಾರವೂ ಒಂದು. ಅದರಲ್ಲಿ ಮೂರು ಬಗೆ: ವೇಗ, ಭಾವನಾ, ಸ್ಥಿತಿಸ್ಥಾಪಕ. ಭಾವನಾ ಎಂದರೆ ನೆನಪಿಗೆ ಬೀಜವಾಗುವ ಅಚ್ಚು, ಅದು ಆತ್ಮದಲ್ಲಿ ಮಾತ್ರ. ಸ್ಥಿತಿಸ್ಥಾಪಕ ಜಡದ್ರವ್ಯದ್ದು. ಯಾವುದೇ ಆದರೂ ಗುಣವೆಂಬುದು ದ್ರವ್ಯದಲ್ಲೇ ನೆಲೆಸಿರುವಂಥದು.

ಅವನಿಗಿಂತ ಶತಮಾನಗಳ ಮೊದಲೇ ಬೌದ್ಧ ದಾರ್ಶನಿಕ ನಾಗಾರ್ಜುನ, ಯಾವ ವಸ್ತುವಿಗೂ ಸ್ವಂತದ ಸ್ವಭಾವವಿಲ್ಲ, ಇರುವುದೆಲ್ಲ ಹೇತು ಪ್ರತ್ಯಯಗಳಿಂದ, ಅಂದರೆ ಕಾರಣ ಮತ್ತು ಸಂದರ್ಭಗಳಿಂದ ಎಂದು ವಾದಿಸಿದ್ದ. ಈ ವಾದಕ್ಕೆ ಇಂದು ಜೀವಕೋಶದ ಕೇಂದ್ರದಲ್ಲೇ ಹೊಸ ಸಾಕ್ಷ್ಯ ಸಿಗುತ್ತಿದೆ.

ಕೋಶಕೇಂದ್ರದ ಅಗಲ ಸಾಮಾನ್ಯವಾಗಿ ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸು. ಅದರ ಗಡಸುತನ ಅಳೆಯಲು ಅದಕ್ಕಿಂತ ಕಿರಿದಾದ ಗಾಜಿನ ನಳಿಗೆಯ ಬಾಯಿಗೆ ಅದನ್ನು ಆನಿಸಿ ಹೀರುತ್ತಾರೆ. ಎಷ್ಟು ಒತ್ತಡಕ್ಕೆ ಎಷ್ಟು ಒಳಸರಿಯಿತೆಂದು ನೋಡುತ್ತಾರೆ. ಇಲ್ಲವೇ ಪರಮಾಣು ಬಲ ಸೂಕ್ಷ್ಮದರ್ಶಕದ ಮೊನೆಯಿಂದ ಒತ್ತಿ, ಮೊನೆ ಹೊತ್ತ ಪಟ್ಟಿ ಎಷ್ಟು ಬಾಗಿತೆಂದು ಲೇಸರ್ ಬೆಳಕಿನಲ್ಲಿ ಅಳೆಯುತ್ತಾರೆ. ಸಿಗುವ ಅಂಕಿ ಮಾತ್ರ ಒಂದೇ ಅಲ್ಲ. ತಟ್ಟನೆ ಒತ್ತಿದರೆ ಕೇಂದ್ರ ಗಟ್ಟಿ, ನಿಧಾನವಾಗಿ ಎಳೆದರೆ ಹರಿದು ಬರುತ್ತದೆ. ಕೋಶದೊಳಗಿರುವಾಗ ಒಂದು ಬೆಲೆ, ಹೊರತೆಗೆದಾಗ ಇನ್ನೊಂದು. ಇದು ಉಪಕರಣದ ದೋಷವಲ್ಲ. ಕೋಶದೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಕೇಂದ್ರವನ್ನು ಸುತ್ತಲಿಂದ ಜಗ್ಗಿ ಹಿಡಿದಿರುತ್ತವೆ; ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಜಿ.ವಿ. ಶಿವಶಂಕರ್ ಅವರ ತಂಡ ಈ ಬಿಗಿತವನ್ನೇ ಅಧ್ಯಯನ ಮಾಡಿತು.

ಅಮೆರಿಕದ ಡೆನಿಸ್ ಡಿಶರ್ ತಂಡ 2007ರಲ್ಲಿ ತೋರಿಸಿದಂತೆ, ಮಾನವ ಭ್ರೂಣದ ಕಾಂಡಕೋಶದಲ್ಲಿ ಮೆದುವಾಗಿರುವ ಕೇಂದ್ರ ಕೋಶ ಬಲಿತಾಗ ಆರು ಪಟ್ಟು ಗಡುಸಾಗುತ್ತದೆ. ಕೇಂದ್ರಕ್ಕೆ ಬಿಗಿ ಕೊಡುವ ಲ್ಯಾಮಿನ್-ಎ ಪ್ರೋಟೀನು ಮೂಳೆಯಂಥ ಗಡಸು ಅಂಗಾಂಶದಲ್ಲಿ ಹೆಚ್ಚು, ಮಿದುಳಿನಲ್ಲಿ ಕಡಿಮೆ ಎಂದು ಅದೇ ತಂಡ 2013ರಲ್ಲಿ ವರದಿ ಮಾಡಿತು. ನಾಗಾರ್ಜುನನ ಪಕ್ಷ ಗೆದ್ದಂತೆಯೇ ಕಾಣುತ್ತದೆ.

ಆದರೆ ಪ್ರೊಜೀರಿಯಾ ಇದೆ. ಎಳವೆಯಲ್ಲೇ ಮುಪ್ಪು ತರುವ ಈ ಕಾಯಿಲೆಗೆ ಲ್ಯಾಮಿನ್ ಜೀನಿನ ಒಂದೇ ಅಕ್ಷರದ ಬದಲಾವಣೆ ಕಾರಣವೆಂದು 2003ರಲ್ಲಿ ತಿಳಿಯಿತು. ಅದೂ ಒಂದು ಪ್ರತ್ಯಯವೇ ಎಂದು ನಾಗಾರ್ಜುನನ ಅನುಯಾಯಿಗಳಾದ ಮಾಧ್ಯಮಿಕರು ಹೇಳಬಹುದು. ಆದರೆ ಒಳಗಿನ ಕಾರಣಕ್ಕೂ ಹೊರಗಿನದಕ್ಕೂ ಒಂದೇ ತೂಕ ಕೊಟ್ಟರೆ ಆ ಮಕ್ಕಳ ಕಾಯಿಲೆ ಅರ್ಥವಾಗುವುದಿಲ್ಲ. ಗುಣ ದ್ರವ್ಯದಲ್ಲೇ ಇದೆ ಎಂಬ ವೈಶೇಷಿಕರ ಹಟಕ್ಕೂ ಇಲ್ಲಿ ಬೆಲೆಯಿದೆ.

ಇನ್ನೊಂದು ಸಂಗತಿ ಪ್ರಶಸ್ತಪಾದನಿಗೇ ತೊಡಕಿನದು. 2007ರ ಆ ಪ್ರಯೋಗದಲ್ಲೇ ವಯಸ್ಕರ ಕಾಂಡಕೋಶಗಳ ಕೇಂದ್ರ, ಎಳೆದು ಬಿಟ್ಟ ಮೇಲೂ ಮೊದಲಿನ ಆಕಾರಕ್ಕೆ ಮರಳಲಿಲ್ಲ. ಎಳೆತದ ಗುರುತು ಜಡದಲ್ಲೇ ಉಳಿಯಿತು. ಇದನ್ನು ನೆನಪೆಂದು ಕರೆಯುವುದು ಅವಸರ. ಗುರುತು ಉಳಿಯಲು ಆತ್ಮ ಬೇಕಿಲ್ಲ, ನೆನೆಯಲು ಬೇಕು ಎಂದು ಅವನ ಅನುಯಾಯಿಗಳು ಉತ್ತರಿಸಿಯಾರು. ಉತ್ತರದಲ್ಲಿ ಹುರುಳಿದೆ. ಆದರೆ ಅವರ ಭಾವನಾ ಸಂಸ್ಕಾರವೂ ನೆನೆಯುವ ಗಳಿಗೆ ಬರುವತನಕ ಬರಿಯ ಗುರುತಾಗಿಯೇ ಇರುತ್ತದೆ.