ಇಂದಿನ ಧಮ್ಮ ಚಿಂತನೆ: ಪಶ್ಚಿಮ ದಿಕ್ಕಿಗೆ ನಮಸ್ಕಾರ




ಇಂದಿನ ಮಾತು ಮುಖ್ಯವಾಗಿ ನಮ್ಮ ಮನೆಗಳ ಗಂಡಸರನ್ನು ಕುರಿತದ್ದು.

ಜಾತಿ ವ್ಯವಸ್ಥೆಯನ್ನು ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದರು. ಅದೊಂದು ಏಣಿ. ಪ್ರತಿ ಮೆಟ್ಟಿಲಿನವನನ್ನೂ ಮೇಲಿನವನು ತುಳಿಯುತ್ತಾನೆ. ಆದರೂ ತನ್ನ ಕೆಳಗೊಬ್ಬನಿದ್ದಾನೆ ಎಂಬ ಸಮಾಧಾನ ಅವನಿಗಿರುತ್ತದೆ. ಹಾಗಾದರೆ ಊರಾಚೆಯ ಕೇರಿಯ ಗಂಡಸಿನ ಕೆಳಗೆ ಯಾರಿದ್ದಾರೆ? ಅವನ ಹೆಂಡತಿ. ಏಣಿಯ ಕೊನೆಯ ಮೆಟ್ಟಿಲು ನಮ್ಮ ಹೊಸಿಲಿನ ಒಳಗಿದೆ.

ಹಗಲೆಲ್ಲ ಜಮೀನಿನ ಒಡೆಯನ ಮುಂದೆ, ಮೇಸ್ತ್ರಿಯ ಮುಂದೆ, ಸಾಹೇಬರ ಮುಂದೆ ತಲೆ ತಗ್ಗಿಸಿ ನಿಂತವನು ಸಂಜೆ ಮನೆಗೆ ಬಂದು, ಸಾರಿಗೆ ಉಪ್ಪು ಕಡಿಮೆಯೆಂದು ತಟ್ಟೆ ಎಸೆಯುತ್ತಾನೆ. ಹೊರಗೆ ಕಳೆದುಕೊಂಡ ಮಾನವನ್ನು ಒಳಗೆ ವಸೂಲು ಮಾಡುತ್ತಾನೆ. ಅದಕ್ಕೆ ಗಂಡಸ್ತನ ಎಂದು ಹೆಸರಿಡುತ್ತೇವೆ. ಅವನ ನೋವು ಸುಳ್ಳಲ್ಲ. ಆದರೆ ಆ ನೋವು ಕೊಟ್ಟವಳು ಅವಳಲ್ಲ. ಅದೇ ಹೊಲದಲ್ಲಿ ಅದೇ ಬೈಗುಳ ಕೇಳಿ ಬಂದವಳು ಅವಳೂ.

ನಮ್ಮ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಬಹಳ ಹೋಲಿಕೆಯಿದೆ ಎಂದು ಬಾಬಾಸಾಹೇಬರು 1946ರಲ್ಲಿ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಅದೇ ಸಮುದಾಯದ ಲೇಖಕಿ ಬೆಲ್ ಹುಕ್ಸ್ ಬೌದ್ಧ ಸಾಧನೆಯಲ್ಲೂ ತೊಡಗಿದ್ದವರು. ಕಪ್ಪು ಗಂಡಸರನ್ನು ಕುರಿತೇ 2004ರಲ್ಲಿ ಒಂದು ಪುಸ್ತಕ ಬರೆದರು. ಬಿಳಿಯ ಯಜಮಾನನಿಂದ ತುಳಿಸಿಕೊಂಡವನು ತಾನೂ ಮನೆಯಲ್ಲಿ ಯಜಮಾನನಾಗುವುದೇ ಬಿಡುಗಡೆ ಎಂದು ತಿಳಿದರೆ, ಯಜಮಾನನ ಪಾಠವನ್ನೇ ಕಲಿತಂತಾಯಿತು. ಆ ಪಾಠ ಹೆಣ್ಣನ್ನಷ್ಟೇ ಅಲ್ಲ, ಗಂಡನ್ನೂ ಒಳಗಿನಿಂದ ಬತ್ತಿಸುತ್ತದೆ. ಅವರ ವಾದದ ತಿರುಳು ಇದು. ಅಳುವ ಹುಡುಗನಿಗೆ "ಏನೋ, ಹೆಂಗಸರ ಥರ ಅಳ್ತೀಯಾ" ಎಂದು ನಾವು ಹೇಳಿದಾಗಲೇ ಈ ಬತ್ತುವಿಕೆ ಶುರುವಾಗುತ್ತದೆ.

"ಮೊದಲು ಜಾತಿ ಹೋಗಲಿ, ಹೆಂಗಸರ ವಿಷಯ ಆಮೇಲೆ" ಎನ್ನುವವರು ನಮ್ಮಲ್ಲಿದ್ದಾರೆ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲೇ ಬಾಬಾಸಾಹೇಬರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಜಾತಿಯ ಬುಡ ಒಳಮದುವೆ. ಅದನ್ನು ಕಾಯಲೆಂದೇ ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಬಂದವು. ಹೆಣ್ಣನ್ನು ಹಿಡಿದಿಟ್ಟುಕೊಂಡೇ ಜಾತಿ ಉಳಿದಿದೆ. ಎರಡೂ ಒಂದೇ ಗಂಟು. ಒಂದನ್ನು ಬಿಟ್ಟು ಇನ್ನೊಂದನ್ನು ಬಿಚ್ಚಲಾಗದು.

ಇನ್ನು ಭಗವಾನರ ಮಾತು. ದೀಘನಿಕಾಯದ ಸಿಗಾಲೋವಾದ ಸುತ್ತದಲ್ಲಿ ಸಿಗಾಲ ಎಂಬ ಯುವಕ ರಾಜಗೃಹದ ಹೊರಗೆ ಒದ್ದೆ ಬಟ್ಟೆಯಲ್ಲಿ ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ. ಭಗವಾನರು ದಿಕ್ಕುಗಳ ಅರ್ಥವನ್ನೇ ಬದಲಿಸಿದರು. ಪೂರ್ವವೆಂದರೆ ತಂದೆತಾಯಿ, ದಕ್ಷಿಣವೆಂದರೆ ಗುರುಗಳು, ಪಶ್ಚಿಮವೆಂದರೆ ಹೆಂಡತಿ ಮಕ್ಕಳು. ಗಂಡ ಹೆಂಡತಿಗೆ ಸಲ್ಲಿಸಬೇಕಾದ್ದು ಐದು: ಗೌರವ ಕೊಡುವುದು, ಅವಮಾನ ಮಾಡದಿರುವುದು, ನಿಷ್ಠೆಯಿಂದಿರುವುದು, ಮನೆಯ ಅಧಿಕಾರ ಒಪ್ಪಿಸುವುದು, ಒಡವೆ ವಸ್ತ್ರ ಒದಗಿಸುವುದು. ಹೆಂಡತಿಯ ಕರ್ತವ್ಯಗಳನ್ನೂ ಹೇಳಿದರು; ಆದರೆ ಗಂಡನದನ್ನು ಮೊದಲು ಹೇಳಿದರು.

ಗಮನಿಸಿ, ಅವಮಾನ ಮಾಡದಿರುವುದನ್ನು ಬೇರೆಯೇ ಎಣಿಸಿದ್ದಾರೆ. ಅವಮಾನವೆಂದರೇನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

1942ರ ಜುಲೈನಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು, ಹೆಂಡತಿ ಗಂಡನಿಗೆ ಗೆಳತಿಯಾಗಿ ಸಮನಾಗಿ ನಿಲ್ಲಬೇಕು, ದಾಸಿಯಾಗಬಾರದು ಎಂದರು. 1951ರಲ್ಲಿ ಅವರು ಮಂತ್ರಿ ಪದವಿ ಬಿಟ್ಟದ್ದಕ್ಕೆ ಹಿಂದೂ ಕೋಡ್ ಬಿಲ್ಲನ್ನು ಸರ್ಕಾರ ಕೈಬಿಟ್ಟದ್ದೂ ಒಂದು ದೊಡ್ಡ ಕಾರಣ. ಅವರ ಫೋಟೋ ಗೋಡೆಯಲ್ಲಿದ್ದು, ಅದರ ಕೆಳಗೇ ಹೆಣ್ಣಿನ ಮೇಲೆ ಕೈ ಎತ್ತಿದರೆ ಆ ಗೋಡೆಗೆ ಏನು ಬೆಲೆ?

ಗಂಡುಮಕ್ಕಳು ಈ ವಾರ ಮೂರು ಕೆಲಸ ಮಾಡೋಣ. ಸಿಟ್ಟು ಹೊತ್ತು ಮನೆಗೆ ಬಂದಾಗ ಹೊಸಿಲ ಹೊರಗೆ ಐದು ನಿಮಿಷ ಕೂತು ಉಸಿರು ಗಮನಿಸೋಣ. ಸಿಟ್ಟು ಯಾರ ಮೇಲಿನದೆಂದು ಕೇಳಿಕೊಳ್ಳೋಣ. ಸಂಬಳ ಬಂದ ದಿನ ಖರ್ಚಿನ ಲೆಕ್ಕವನ್ನು ಇಬ್ಬರೂ ಕೂತು ಮಾಡೋಣ. ಉಂಡ ತಟ್ಟೆಯನ್ನು ನಾವೇ ತೊಳೆಯೋಣ, ಮಗ ನೋಡುವಂತೆ.

ಸ್ವಾಭಿಮಾನವೆಂದರೆ ಯಾರ ಮುಂದೆಯೂ ಬಗ್ಗದಿರುವುದು. ಯಾರನ್ನೂ ಬಗ್ಗಿಸದಿರುವುದೂ ಅದೇ.

ಭವತು ಸಬ್ಬ ಮಂಗಲಂ. ಜೈಭೀಮ್.