ತಾಯಿಯ ದಣಿವೂ ಕೇಳುವವರ ಮೌನವೂ

ಮನೆಯ ಮಾತು ಹೊಸಿಲು ದಾಟಬಾರದೆಂಬುದು ಈ ನಾಡಿನ ಸಂಸಾರಗಳಲ್ಲಿ ಬಹುಕಾಲದಿಂದ ನಡೆದುಬಂದ ನೀತಿ. ಅದರಲ್ಲಿ ಹುರುಳಿಲ್ಲವೆಂದಲ್ಲ, ಬೀದಿಗೆ ಬಿದ್ದ ಮಾತಿಗೆ ಒಡೆಯರಿಲ್ಲ. ಆದರೆ ಹೆತ್ತ ಮಗುವಿನ ಮೇಲೆಯೇ ಒಂದು ಗಳಿಗೆ ರೋಷ ಉಕ್ಕಿಬಂದ ತಾಯಿ ಆ ಮಾತನ್ನು ಯಾರ ಮುಂದೆ ಇಡಬೇಕು? ಯಾರ ಮುಂದೆಯೂ ಇಡದೆ ಒಳಗೇ ನುಂಗಿಕೊಳ್ಳುವುದು ಶೀಲವೆ?

ಹಿಂದೆ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನಕ್ಕೆ ತಾಯಿ, ಅಜ್ಜಿ, ಅತ್ತಿಗೆ. ಮಗು ಅತ್ತರೆ ಎತ್ತಿಕೊಳ್ಳಲು ನಾಲ್ಕು ಜನ. (ಆ ತುಂಬಿದ ಮನೆಗಳಲ್ಲಿಯೂ ಬಾಯಿಗೆ ಸೆರಗು ಒತ್ತಿಕೊಂಡು ಅತ್ತವರೆಷ್ಟೋ, ಹಳೆಯದೆಲ್ಲ ಚಿನ್ನವೆಂದು ಭಾವಿಸಬೇಕಾಗಿಲ್ಲ.) ಈಗ ಬೆಂಗಳೂರಿನಂತಹ ಊರಿನ ಬಾಡಿಗೆ ಮನೆಯಲ್ಲಿ, ಗಂಡ ರಾತ್ರಿಪಾಳಿಗೆ ಹೋದ ಮೇಲೆ, ಎಳೆಯ ಕೂಸಿನೊಡನೆ ಒಬ್ಬಳೇ ಉಳಿದವಳ ಸ್ಥಿತಿ ಬೇರೆ. ಕೂಸಿನ ಅಳು ಮೊದಮೊದಲು ಏರುತ್ತ ಹೋಗಿ, ಸುಮಾರು 6ನೆಯ ವಾರಕ್ಕೆ ತುದಿಮುಟ್ಟಿ, 3-4 ತಿಂಗಳಿಗೆ ಇಳಿಯುವುದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಹಾಲು ಕುಡಿಸಿಯಾಗಿದೆ, ಬಟ್ಟೆ ಬದಲಾಯಿಸಿಯಾಗಿದೆ, ಜ್ವರವಿಲ್ಲ. ಆದರೂ ಅಳು ನಿಲ್ಲದು. ಅಂತಹ ಹೊತ್ತಿನಲ್ಲಿ ‘ಇದು ಹುಟ್ಟದಿದ್ದರೇ ಚೆನ್ನಾಗಿತ್ತು’ ಎಂಬ ಭಾವ ಮಿಂಚಿ ಮಾಯವಾಗುತ್ತದೆ. ಆಮೇಲೆ ಅವಳನ್ನು ಸುಡುವುದು ಅಳುವಲ್ಲ; ಅಂತಹ ಭಾವ ತನ್ನಲ್ಲಿ ಹುಟ್ಟಿತಲ್ಲಾ ಎಂಬ ನಾಚಿಕೆ.

ಡೊನಾಲ್ಡ್ ವಿನ್ನಿಕಾಟ್ ಎಂಬ ಆಂಗ್ಲ ಶಿಶುವೈದ್ಯರು 1949ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಸಾಮಾನ್ಯ ತಾಯಿಗೂ ತನ್ನ ಕೂಸಿನ ಮೇಲೆ ದ್ವೇಷ ಹುಟ್ಟಲು ಇರುವ ಕಾರಣಗಳನ್ನು ಒಂದೊಂದಾಗಿ ಎಣಿಸಿದರು. ಅವಳ ಹಿರಿಮೆ ಅದನ್ನು ಕೂಸಿನ ಮೇಲೆ ತೀರಿಸಿಕೊಳ್ಳದೆ ತಾಳಿಕೊಳ್ಳುವುದರಲ್ಲಿದೆ ಎಂಬುದು ಅವರ ಅಭಿಪ್ರಾಯ. ಬಸವಣ್ಣನವರ ವಚನಗಳಲ್ಲಿಯೂ ತಮ್ಮ ಮನದ ಚಂಚಲತೆಯನ್ನು ತಾವೇ ದೂರಿಕೊಂಡವು ಎಷ್ಟೋ ಇವೆ. ಮನದಲ್ಲಿ ಸುಳಿದದ್ದನ್ನು ಮರೆಮಾಚುವುದು ಶರಣರಿಗೆ ಭಕ್ತಿಯಾಗಿ ತೋರಲಿಲ್ಲ. ಆದರೆ ಅವರು ಅದನ್ನು ತೆರೆದಿಟ್ಟದ್ದು ಸಂತೆಯಲ್ಲಲ್ಲ. ತಮ್ಮಂತೆಯೇ ಸಾಧನೆಯ ಹಾದಿ ಹಿಡಿದವರ ನಡುವೆ.

ಹಾಗಾದರೆ ದಣಿದ ತಾಯಿಯ ಮಾತೂ ಸಮದುಃಖಿಗೇ ಸಲ್ಲತಕ್ಕದ್ದು. ಹಿರಿಯರ ಮುಂದೆ ಹೇಳಿದರೆ ಉಪದೇಶ ಬರುತ್ತದೆ. ನೆಂಟರ ಮುಂದೆ ಹೇಳಿದರೆ ಮದುವೆ ಜಾತ್ರೆಗಳಲ್ಲಿ ಅದನ್ನೇ ಮರಳಿ ಕೇಳಬೇಕಾಗುತ್ತದೆ. ಅದೇ ನಿದ್ದೆಗೆಟ್ಟ ರಾತ್ರಿಗಳನ್ನು ಕಂಡ ಇನ್ನೊಬ್ಬ ತಾಯಿಯಾದರೆ ‘ನನಗೂ ಹಾಗೇ ಆಗಿತ್ತಮ್ಮ’ ಎನ್ನಬಲ್ಲಳು. ಸಹನೆ ಮೀರಿದಾಗ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ ನಿಂತರೆ ತಪ್ಪಿಲ್ಲವೆಂದೂ, ಎಂದಿಗೂ ಹಿಡಿದು ಕುಲುಕಬಾರದೆಂದೂ, ಕುಲುಕಿದರೆ ಎಳೆಯ ಮಿದುಳಿಗೆ ಪೆಟ್ಟಾಗಿ ಪ್ರಾಣಕ್ಕೇ ಕುತ್ತಾದೀತೆಂದೂ ತಿಳಿಸಬಲ್ಲಳು. ತಂದೆಗೂ ಇದೇ ಮಾತು. ಅವನಿಗಂತೂ ಲೋಕ ಅಳಲು ಅಪ್ಪಣೆಯನ್ನೇ ಕೊಟ್ಟಿಲ್ಲ.

ಕೇಳಿದವಳ ಹೊಣೆಯಾದರೋ ಭಾರವಾದುದು. ಒಪ್ಪಿಸಿದ ಮಾತು ನಂಬಿ ಇಟ್ಟ ಒಡವೆಯಂತೆ. ಗಂಡನಿಗೂ ಹೇಳಬಾರದು, ಹೆಸರು ಮರೆಸಿಯೂ ಹೇಳಬಾರದು. ಒಂದೇ ಬೀದಿಯಲ್ಲಿ ಹೆಸರು ಮರೆಸುವುದೆಂದರೇನು? ಆದರೆ ಈ ಮೌನಕ್ಕೂ ಎಲ್ಲೆಯುಂಟು. ಕೈ ನಿಜವಾಗಿಯೂ ಕೂಸಿನ ಮೇಲೆ ಎದ್ದಿದ್ದರೆ, ಅಥವಾ ತಾಯಿ ತನ್ನ ಪ್ರಾಣವನ್ನೇ ತೊರೆಯುವ ಮಾತಾಡಿದರೆ, ಮನೆಯವರನ್ನೋ ವೈದ್ಯರನ್ನೋ ಕರೆಯಲೇಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ವೈದ್ಯರು ರೋಗಿಯ ಗುಟ್ಟನ್ನು ಕಾಯಬೇಕೆಂದು ವಿಧಿಸಿ, ಇನ್ನೊಬ್ಬರನ್ನು ಹಾನಿಯಿಂದ ಕಾಪಾಡಲು ಬೇಕಾದಷ್ಟನ್ನು ಮಾತ್ರ ಹೊರಗೆಡಹಲು ಎಡೆಯಿಟ್ಟಿದೆ. ಈ ಎಲ್ಲೆಯನ್ನು ಮೊದಲೇ ಹೇಳಿಬಿಡುವುದು ಉಚಿತ. ಎಲ್ಲ ಕೇಳಿದ ಮೇಲೆ ಹೇಳಿದರೆ ವಂಚನೆಯಂತೆ ತೋರುತ್ತದೆ.

ಅಂತಹ ನೆರೆಯಿಲ್ಲದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯಿದೆ. 14416ಕ್ಕೆ ಕರೆಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ ಕೇಳುವವರಿದ್ದಾರೆ. ಅವರು ತರಬೇತಿ ಪಡೆದ ಸಲಹೆಗಾರರು, ಸಮದುಃಖಿಗಳಲ್ಲ. ಆದರೂ ರಾತ್ರಿ 3 ಗಂಟೆಗೆ ಆ ಭೇದ ದೊಡ್ಡದಾಗಿ ಕಾಣದು.

ನೆರೆಯವಳಿಗೆ ಹೇಳಿಕೊಂಡವಳು ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಅವಳ ಮುಖ ನೋಡಲು ಅಂಜುತ್ತಾಳೆ. ಆ ನೆರೆಯವಳು ಎಂದಿನಂತೆ ಅಂಗಳಕ್ಕೆ ನೀರು ಚಿಮುಕಿಸುತ್ತ, ‘ಕೂಸು ಮಲಗಿತೇನಮ್ಮ? ಇಲ್ಲಿ ಕೊಡು, ನೀನು ಸ್ನಾನ ಮಾಡಿ ಬಾ’ ಎಂದರೆ ಸಾಕು.