ವಿಷವನ್ನು ಕಾಯುವವರ ಧರ್ಮ

ಪಾಠಶಾಲೆಯಲ್ಲಿ ಹಾಲಾಹಲದ ಪ್ರಸಂಗವನ್ನು ಹೇಳುತ್ತಿದ್ದ ಒಂದು ದಿನ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಶಿವನು ಆ ವಿಷವನ್ನು ಕಂಠದಲ್ಲೇಕೆ ಇಟ್ಟುಕೊಂಡನು? ಅವನಿಗೆ ಹಣೆಗಣ್ಣಿತ್ತಲ್ಲ, ಸುಟ್ಟುಬಿಡಬಾರದಾಗಿತ್ತೆ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಏಕೆಂದರೆ ಇದೇ ಪ್ರಶ್ನೆಯನ್ನು ಲೋಕದ ರಾಷ್ಟ್ರಗಳು ಹಲವು ದಶಕಗಳಿಂದ ಜಿನೀವಾ ನಗರದಲ್ಲಿ ಕುಳಿತು ಒಬ್ಬರನ್ನೊಬ್ಬರು ಕೇಳುತ್ತಲಿವೆ. ಅಲ್ಲಿಯ ವಿಷದ ಹೆಸರು ಸಿಡುಬು.

ಸಿಡುಬೆಂದರೇನೆಂಬುದನ್ನು ನಮ್ಮ ಹಿರಿಯರಿಗೆ ಹೇಳಬೇಕಾದುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪನ್ನು ಕಟ್ಟಿ, ಮನೆಯಲ್ಲಿ ಒಗ್ಗರಣೆಯನ್ನೂ ಬಿಟ್ಟು, ಅಮ್ಮ ಬಂದಿರುವಳೆಂದು ಮೆಲುದನಿಯಲ್ಲಿ ಮಾತನಾಡುತ್ತಿದ್ದ ಕಾಲವದು. ತಗುಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ನನ್ನ ತಂದೆಯವರ ಮುಖದ ಮೇಲೆ ಅದರ ಗುಳಿಗಳು ಕೊನೆಯವರೆಗೂ ಇದ್ದವು. ಅವರೊಡನೆ ಒಂದೇ ಚಾಪೆಯ ಮೇಲೆ ಮಲಗಿದ್ದ ತಮ್ಮನು ಮತ್ತೆ ಏಳಲಿಲ್ಲ. ನನ್ನ ತೋಳಿನಲ್ಲಿ ದೇವಿ ಹಾಕಿಸಿದ ಗುರುತುಂಟು. ನನ್ನ ವಿದ್ಯಾರ್ಥಿಗಳ ತೋಳುಗಳಲ್ಲಿ ಅದಿಲ್ಲ. ಅವರಿಗೆ ಅದರ ಅಗತ್ಯವೇ ಬೀಳಲಿಲ್ಲ. ಭರತಖಂಡದ ಕೊನೆಯ ರೋಗಿ ಕಾಣಿಸಿದ್ದು 1975ರ ಮೇ ತಿಂಗಳಿನಲ್ಲಿ. ತಾನಾಗಿ ಹರಡಿದ ಸಿಡುಬಿನ ಕಟ್ಟಕಡೆಯ ರೋಗಿ ಸೋಮಾಲಿಯಾ ದೇಶದವನು, 1977ರ ಅಕ್ಟೋಬರಿನಲ್ಲಿ. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ರೋಗವು ಭೂಮಿಯಿಂದಲೇ ತೊಲಗಿತೆಂದು ಸಾರಿತು.

ರೋಗ ತೊಲಗಿತು, ಬೀಜ ಉಳಿಯಿತು. ಪ್ರಯೋಗಶಾಲೆಗಳಲ್ಲಿದ್ದ ಸಿಡುಬಿನ ವಿಷಾಣುವನ್ನು ಒಟ್ಟುಗೂಡಿಸಿ ಈಗ ಎರಡೇ ಎಡೆಗಳಲ್ಲಿ ಇಟ್ಟಿರುವರು: ಒಂದು ಅಮೆರಿಕದ ಅಟ್ಲಾಂಟಾ, ಇನ್ನೊಂದು ಸೈಬೀರಿಯಾದ ಕೊಲ್ತ್ಸೊವೊ. ಇವನ್ನು ಸುಟ್ಟುಬಿಡಬೇಕೆಂದು 1993ನ್ನು ಗಡುವಾಗಿಟ್ಟರು, ಅದು ಕಳೆಯಿತು. 1999 ಎಂದರು, 2002 ಎಂದರು, ಅವೂ ಕಳೆದವು.

ಸುಡಬಾರದೆನ್ನುವವರ ವಾದವೇನು? ಯಾವನಾದರೊಬ್ಬ ದುರಾತ್ಮನು ನಾಳೆ ಇದನ್ನೇ ಆಯುಧವಾಗಿ ಬಿಟ್ಟರೆ ಔಷಧ ಬೇಕಲ್ಲವೆ? ಔಷಧವನ್ನು ಪರೀಕ್ಷಿಸಲು ವಿಷಾಣುವೇ ಬೇಕಲ್ಲವೆ? ಇದು ಬರಿಯ ಬಾಯಿಮಾತಲ್ಲ. ಸಿಡುಬಿಗೆಂದೇ ಸಿದ್ಧಪಡಿಸಿದ ಮೊದಲ ಗುಳಿಗೆಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಅದೇ ವರ್ಷ ಕೆನಡಾದ ವಿಜ್ಞಾನಿಗಳು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಸಿಡುಬಿನ ದಾಯಾದಿಯಾದ ಕುದುರೆಸಿಡುಬಿನ ವಿಷಾಣುವನ್ನು, ಅಂಚೆಯ ಮೂಲಕ ತರಿಸಿದ ಡಿಎನ್‌ಎ ತುಣುಕುಗಳನ್ನು ಜೋಡಿಸಿ, ಅವರು ಮೊದಲಿನಿಂದ ಕಟ್ಟಿದ್ದರು. ಸಿಡುಬಿನ ಅಕ್ಷರಮಾಲೆಯಾದರೋ ಮೂವತ್ತು ವರ್ಷಗಳ ಹಿಂದೆಯೇ ಅಚ್ಚಾಗಿದೆ. ಸೀಸೆಯನ್ನು ಸುಡಬಹುದು, ತಿಳಿದುದನ್ನು ಸುಡುವ ಬೆಂಕಿ ಯಾವುದು?

ಆದುದರಿಂದ ಅರಿವೇ ಪಾಪವೆಂದು ಹೇಳಿ ಕೈತೊಳೆದುಕೊಳ್ಳುವುದು ಸಲ್ಲದು. ಅರಿವಿಗೆ ಅಂಜಿದವನಿಗೆ ರಕ್ಷೆಯೂ ಇಲ್ಲ. ಆದರೆ ರಕ್ಷಣೆಯ ಹೆಸರಿನಲ್ಲಿ ನಡೆಯುವ ಕಾಯಕವೆಲ್ಲವೂ ಶುದ್ಧವೆ? ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಸಿಡುಬನ್ನು ಲೋಕದಿಂದಲೇ ಅಳಿಸೋಣವೆಂದು 1958ರಲ್ಲಿ ಮೊದಲು ಸೂಚಿಸಿದ್ದು ಸೋವಿಯತ್ ದೇಶ. ನೂರು ಕೋಟಿಗೂ ಮಿಕ್ಕಿದ ಲಸಿಕೆಯ ಪ್ರಮಾಣಗಳನ್ನು ಆ ದೇಶವು ದಾನಮಾಡಿತು. ಅದರಲ್ಲಿ ಭಾರತಕ್ಕೂ ಬಂದಿತು. ಜೈವಿಕ ಆಯುಧಗಳನ್ನು ನಿಷೇಧಿಸುವ 1972ರ ಒಪ್ಪಂದಕ್ಕೂ ಅದು ರುಜುಹಾಕಿತು. ಅದೇ ದೇಶವು, ಅದೇ ಕಾಲದಲ್ಲಿ, ಬಯೊಪ್ರಿಪರಾಟ್ ಎಂಬ ಸಂಸ್ಥೆಯ ಮರೆಯಲ್ಲಿ, ಸಿಡುಬನ್ನು ಆಯುಧವಾಗಿ ಬೆಳೆಸುತ್ತಿದ್ದಿತೆಂದು ಅದರ ಉಪಮುಖ್ಯಸ್ಥನಾಗಿದ್ದ ಕೆನ್ ಅಲಿಬೆಕ್‌ ಎಂಬಾತನು 1992ರಲ್ಲಿ ಅಮೆರಿಕಕ್ಕೆ ಹೋಗಿ ಹೊರಗೆಡಹಿದನು. ಒಂದು ಕೈ ಅನ್ನ ಬಡಿಸುತ್ತಿರಲು ಇನ್ನೊಂದು ಕೈ ವಿಷ ಕಲಸುತ್ತಿದ್ದಿತು. ಎರಡೂ ಕೈಗಳು ಹಿಡಿದ ಸೀಸೆ ಒಂದೇ, ಮಾಡಿದ ಕೆಲಸವೂ ಬಹುಮಟ್ಟಿಗೆ ಒಂದೇ. ಸಂಕಲ್ಪ ಮಾತ್ರ ಬೇರೆ. ಸಂಕಲ್ಪವು ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. 1972ರ ಒಪ್ಪಂದದ ಕೊರತೆಯೂ ಇದೇ: ರಕ್ಷಣೆಗಾಗಿ ನಡೆಯುವ ಸಂಶೋಧನೆಗೆ ಅದು ಅವಕಾಶವೀಯುವುದು, ಹೋಗಿ ಪರೀಕ್ಷಿಸಿ ಬರುವ ಏರ್ಪಾಡು ಅದರಲ್ಲಿಲ್ಲ. ಅಂತಹ ಏರ್ಪಾಡಿನ ಕರಡನ್ನು 2001ರ ಜುಲೈಯಲ್ಲಿ ಅಮೆರಿಕವು ತಿರಸ್ಕರಿಸಿತು. ಎರಡು ತಿಂಗಳು ಕಳೆಯುವುದರೊಳಗೆ ಆ ದೇಶದ ಅಂಚೆಯಲ್ಲೇ ಆಂಥ್ರಾಕ್ಸ್ ಪುಡಿ ತುಂಬಿದ ಲಕೋಟೆಗಳು ಬಂದು ಐವರು ಸತ್ತರು. ವಿಚಾರಣೆ ನಡೆಸಿದ ಅಲ್ಲಿಯ ಪೋಲೀಸರು ಕೊನೆಗೆ ಬೊಟ್ಟುಮಾಡಿದುದು ಹೊರಗಿನ ಶತ್ರುವಿನ ಕಡೆಗಲ್ಲ. ಸೇನೆಯ ಪ್ರಯೋಗಶಾಲೆಯಲ್ಲಿ ಆಂಥ್ರಾಕ್ಸಿಗೆ ಲಸಿಕೆ ಸಿದ್ಧಪಡಿಸುತ್ತಿದ್ದ ಒಬ್ಬ ವಿಜ್ಞಾನಿಯ ಕಡೆಗೆ. ಆತನು 2008ರಲ್ಲಿ ತೀರಿಕೊಂಡುದರಿಂದ ನ್ಯಾಯಾಲಯದ ನಿರ್ಣಯವಾಗಲಿಲ್ಲ. ವೈಜ್ಞಾನಿಕ ಸಾಕ್ಷ್ಯವೊಂದರಿಂದಲೇ ಖಚಿತವಾಗಿ ಹೇಳಲಾಗದೆಂದು ವಿದ್ವಾಂಸರ ಮಂಡಲಿಯೊಂದು 2011ರಲ್ಲಿ ಹೇಳಿತು. ಆತನು ನಿರಪರಾಧಿಯೇ ಆಗಿದ್ದರೂ, ಕಾವಲುಗಾರನನ್ನು ಕಾಯುವವರಿರಲಿಲ್ಲವೆಂಬ ಮಾತು ಉಳಿಯುವುದು.

ದುಷ್ಟತನವಿಲ್ಲದೆಯೂ ಕೇಡಾಗುವುದುಂಟು. 1978ರಲ್ಲಿ, ಸಿಡುಬು ಲೋಕದಿಂದ ಹೋದ ಮರುವರ್ಷ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೈದ್ಯಕೀಯ ವಿದ್ಯಾಲಯದಲ್ಲಿ ಒಬ್ಬ ಹೆಂಗಸಿಗೆ ಸಿಡುಬು ತಗುಲಿತು. ಆಕೆ ಸಂಶೋಧಕಳಲ್ಲ; ಪ್ರಯೋಗಶಾಲೆಯ ಮೇಲಣ ಅಂತಸ್ತಿನಲ್ಲಿ ಛಾಯಾಚಿತ್ರ ತೆಗೆಯುವವಳು. ಆಕೆ ಸತ್ತಳು. ಆಕೆ ಇನ್ನೂ ಹಾಸಿಗೆಯಲ್ಲಿದ್ದಾಗಲೇ ಪ್ರಯೋಗಶಾಲೆಯ ಮುಖ್ಯಸ್ಥನು ಆ ಭಾರವನ್ನು ತಾಳಲಾರದೆ ತನ್ನ ಪ್ರಾಣವನ್ನು ತಾನೇ ನೀಗಿಕೊಂಡನು. ಮರೆವಂತೂ ಎಲ್ಲರಿಗೂ ಸಾಮಾನ್ಯ. 2014ರಲ್ಲಿ ಅಮೆರಿಕದ ಬೆಥೆಸ್ಡಾದ ಸರ್ಕಾರಿ ಸಂಶೋಧನಾ ಕೇಂದ್ರದ ಉಗ್ರಾಣವೊಂದರಲ್ಲಿ, ದಶಕಗಳ ಕಾಲ ಯಾರೂ ಮುಟ್ಟದ ರಟ್ಟಿನ ಪೆಟ್ಟಿಗೆಯೊಳಗೆ, ಸಿಡುಬೆಂದು ಬರೆದ ಆರು ಸೀಸೆಗಳು ಸಿಕ್ಕವು. ಪರೀಕ್ಷಿಸಿದಾಗ ಎರಡರಲ್ಲಿ ವಿಷಾಣು ಇನ್ನೂ ಜೀವಂತವಾಗಿದ್ದಿತು.

ಹಾಲಾಹಲದ ಕಥೆಯನ್ನು ನಾನು ಎಷ್ಟೋ ವರ್ಷ ಹೇಳಿದ್ದೆ. ಈ ಸಂಗತಿಗಳನ್ನು ಓದಿದ ಮೇಲೆ ಅದು ನನಗೆ ಬೇರೆಯಾಗಿ ಕಂಡಿತು. ಶಿವನು ವಿಷವನ್ನಿಟ್ಟುಕೊಂಡುದು ತನ್ನ ಕಂಠದಲ್ಲಿ, ನೆರೆಯವರ ಕಂಠದಲ್ಲಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ವಿಷ ಇಳಿದುದು ಮೇಲಂತಸ್ತಿನ, ಏನೂ ಅರಿಯದ ಹೆಂಗಸಿನ ಕಂಠಕ್ಕೆ. ಲೋಕಹಿತಕ್ಕಾಗಿ ಅಪಾಯವನ್ನು ಹೊರುವೆನೆನ್ನುವ ಸಂಶೋಧಕನು, ಆ ಅಪಾಯವನ್ನು ನಿಜವಾಗಿ ಹೊರುವವರು ಯಾರೆಂದು ಮೊದಲು ಕೇಳಿಕೊಳ್ಳಬೇಕು; ಅವರಿಗೆ ಹೇಳಲೂ ಬೇಕು. ನೆರೆಯವರಿಗೆ ಹೇಳಲಾರದ ಪ್ರಯೋಗವನ್ನು ನೆರೆಯವರ ಹಿತಕ್ಕೆಂದು ಮಾಡುವುದು ಹೇಗೆ?

ಹುಡುಗನಿಗೆ ಅಂದು ಉತ್ತರ ಕೊಡಲಾಗಲಿಲ್ಲ. ಮರುದಿನ ಅವನನ್ನು ಕರೆದು ಶಿವರಾತ್ರಿಯ ಜಾಗರಣೆಗೆ ಹೇಳುವ ಕಾರಣಗಳಲ್ಲೊಂದನ್ನು ನೆನಪಿಸಿದೆ: ವಿಷವು ಕಂಠದಲ್ಲಿದ್ದ ಆ ರಾತ್ರಿ ಶಿವನಿಗೆ ನಿದ್ರೆ ಹತ್ತದಂತೆ ದೇವತೆಗಳೆಲ್ಲರೂ ಹಾಡುತ್ತ, ಕುಣಿಯುತ್ತ ಎಚ್ಚರವಿದ್ದರಂತೆ. ಶಿವನನ್ನೂ ನಂಬಿ ಅವರು ಮಲಗಲಿಲ್ಲ. ಅದು ತನಗೆ ಅವಮಾನವೆಂದು ಶಿವನೂ ಅನ್ನಲಿಲ್ಲ. ಅಟ್ಲಾಂಟಾ, ಕೊಲ್ತ್ಸೊವೊಗಳಿಗಾದರೂ ವಿಶ್ವ ಆರೋಗ್ಯ ಸಂಸ್ಥೆಯ ಪರೀಕ್ಷಕರು ಹೋಗಿ ನೋಡಿಬರುವರು. ಸಿಡುಬಿನ ಮೇಲಣ ಸಂಶೋಧನೆಗೆ ಅದರ ಸಮಿತಿಯ ಒಪ್ಪಿಗೆಯೂ ಬೇಕು. ಉಳಿದ ವಿಷಗಳನ್ನಿಟ್ಟುಕೊಂಡ ಶಾಲೆಗಳ ಬಾಗಿಲಿನಲ್ಲಿ ಹೀಗೆ ಎಚ್ಚರವಿರುವವರು ಯಾರೆಂದು ಹುಡುಗನು ಕೇಳಿದನು. ಆಯಾ ದೇಶದವರೇ ಎಂದೆನು. "ಹಾಗಾದರೆ ವಿಷವಿಟ್ಟುಕೊಂಡವರೇ ಕಾವಲೂ ಅಲ್ಲವೆ, ಗುರುಗಳೆ?" ಎಂದನು.